ನಮಾಝ್‌ನಲ್ಲಿ ಕುಳಿತುಕೊಳ್ಳಬಹುದು, ಅಂಗಡಿಯಲ್ಲಿ?

(ರಮಝಾನ್‌ಗೆ ಮುಂಚಿತವಾಗಿ ಪಟ್ಟಣವೊಂದರ ವ್ಯಾಪಾರಿಗಳು ಮತ್ತು ಅಂಗಡಿ ನೌಕರರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



'ಇಸ್ಲಾಮಿನಲ್ಲಿ ಕಾರ್ಮಿಕನ ಹಕ್ಕುಗಳು' ಎಂಬ ವಿಷಯವನ್ನು ಸಂಘಟಕರು ನಮಗೆ ಕೊಟ್ಟಿದ್ದಾರೆ. ಈ ವಿಷಯದಲ್ಲಿ ಭಾಷಣ ಮಾಡುವುದು ಬಹಳ ಸುಲಭ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಹದೀಸನ್ನು ನೆನಪಿಸಿದರೆ ಮಾಲಕರು ತಲೆದೂಗುತ್ತಾರೆ, ನೌಕರರೂ ತಲೆದೂಗುತ್ತಾರೆ, ಚಹಾ ಕುಡಿದು ಎಲ್ಲರೂ ಮನೆಗೆ ಹೋಗುತ್ತಾರೆ. ಆದ್ದರಿಂದ ಇಂದು ನಾವು ಆ ದೊಡ್ಡ ವಿಷಯದ ಒಂದು ಸಣ್ಣ ಮೂಲೆಯನ್ನಷ್ಟೇ ಎತ್ತಿಕೊಳ್ಳಲು ಬಯಸುತ್ತೇವೆ. ಜ್ವರ ಬಂದು ಎರಡು ದಿನ ರಜೆ ಹಾಕಿ ಗುಣವಾಗುವ ನೌಕರನ ಕುರಿತು ನಮ್ಮ ಮಾತಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಉಬ್ಬಸ, ಅಪಸ್ಮಾರ, ಹೃದಯದ ತೊಂದರೆ ಇತ್ಯಾದಿ, ಬಂದ ಮೇಲೆ ಬಿಟ್ಟು ಹೋಗದ ಕಾಯಿಲೆಯನ್ನು ಹೊತ್ತುಕೊಂಡು ಪ್ರತಿದಿನವೂ ನಮ್ಮ ಅಂಗಡಿಯ ಕೌಂಟರಿನಲ್ಲಿ ನಿಲ್ಲುವ ನೌಕರನ ಕುರಿತು.

ನಮ್ಮ ಪರಿಚಯದ ಒಬ್ಬರಿದ್ದಾರೆ. ಹೆಸರು, ಊರು ಬೇಡ. ಸೀರೆಯ ಅಂಗಡಿಯೊಂದರಲ್ಲಿ 22 ವರ್ಷ ದುಡಿದವರು. ಅಲ್ಲಿ ಗಿರಾಕಿಗಳು ಬಿಳಿಯ ಹಾಸಿನ ಮೇಲೆ ಕುಳಿತುಕೊಳ್ಳುತ್ತಾರೆ. ನೌಕರರು ಚಪ್ಪಲಿ ಕಳಚಿ, ಬರಿಗಾಲಿನಲ್ಲಿ ನಿಂತು ಸೀರೆ ಬಿಡಿಸಿ ತೋರಿಸುತ್ತಾರೆ. ಬೆಳಗ್ಗೆ ಒಂಬತ್ತೂವರೆಗೆ ನಿಂತರೆ ರಾತ್ರಿ ಒಂಬತ್ತರವರೆಗೆ, ಊಟದ ಅರ್ಧ ಗಂಟೆಯನ್ನು ಬಿಟ್ಟರೆ, ಕುಳಿತುಕೊಳ್ಳುವ ಸಂಪ್ರದಾಯವಿಲ್ಲ. ಕುಳಿತುಕೊಳ್ಳಬಾರದೆಂದು ಎಲ್ಲಿಯೂ ಬರೆದು ಹಾಕಿಲ್ಲ. ಕುಳಿತವನನ್ನು ಕಂಡಾಗ ಮಾಲಕರ ಮುಖ ಬದಲಾಗುತ್ತದೆ, ಅಷ್ಟೇ. ಈ ಸಹೋದರರಿಗೆ ಸಕ್ಕರೆ ಕಾಯಿಲೆ ಆರಂಭವಾಗಿ ಹತ್ತು ವರ್ಷಗಳಾಗಿದ್ದರೂ ಅಂಗಡಿಯಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ಕಾಯಿಲೆ ಹಳೆಯದಾದಂತೆ ಅನೇಕರ ಪಾದದ ನರಗಳು ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುತ್ತವೆ. ಆದ್ದರಿಂದಲೇ ಸಕ್ಕರೆ ಕಾಯಿಲೆಯವರು ಬರಿಗಾಲಿನಲ್ಲಿ ನಡೆಯಬಾರದೆಂದು ವೈದ್ಯರು ಎಚ್ಚರಿಸುವುದು. ಬಟ್ಟೆಯ ಪೊಟ್ಟಣದಿಂದ ಉದುರಿದ ಒಂದು ಗುಂಡುಸೂಜಿ ಅವರ ಅಂಗಾಲಿಗೆ ಹೊಕ್ಕಿತು. ಮೂರು ದಿನ ಅವರಿಗೆ ಗೊತ್ತಾಗಲಿಲ್ಲ. ಮನೆಯ ನೆಲದಲ್ಲಿ ಕಲೆ ಕಂಡು, "ಇದೇನು ಅಬ್ಬಾ?" ಎಂದು ಮಗಳು ಕೇಳಿದಾಗಲೇ ಗೊತ್ತಾದದ್ದು. ಅಷ್ಟರಲ್ಲಿ ಹುಣ್ಣಾಗಿತ್ತು. ಸರಕಾರಿ ಆಸ್ಪತ್ರೆಯಲ್ಲಿ ಎರಡು ಬೆರಳುಗಳನ್ನು ತೆಗೆಯಬೇಕಾಯಿತು.

ಎರಡು ತಿಂಗಳ ಬಳಿಕ ಅವರು ಅಂಗಡಿಗೆ ಹೋದಾಗ ಅವರ ಜಾಗದಲ್ಲಿ ಇನ್ನೊಬ್ಬ ತರುಣ ನಿಂತಿದ್ದ. ಮಾಲಕರು ಕೆಟ್ಟವರೇನಲ್ಲ. ಐದು ಹೊತ್ತಿನ ನಮಾಝಿಗಳು, ದಾನಿಗಳು. ಕುಳ್ಳಿರಿಸಿ ಕ್ಷೇಮ ವಿಚಾರಿಸಿದರು. ಅಂದು ಮಾತ್ರ ಕುಳ್ಳಿರಿಸಿದರು ಎಂಬುದನ್ನು ಗಮನಿಸಬೇಕು. ಹೊರಡುವಾಗ 5,000 ರೂಪಾಯಿಯ ಲಕೋಟೆಯೊಂದನ್ನು ಕೈಗಿತ್ತರು. ಅದರ ಮೇಲೆ 'ಝಕಾತ್' ಎಂದು ಬರೆದಿತ್ತು.

ಈ ಲಕೋಟೆಯ ವಿಷಯಕ್ಕೆ ಆಮೇಲೆ ಬರೋಣ.

ಮದ್ರಸದಲ್ಲಿ ಫಿಕ್ಹ್ ಓದುವಾಗ ನಾವೆಲ್ಲ ರೋಗಿಯ ನಮಾಝ್ ಎಂಬ ಅಧ್ಯಾಯವನ್ನು ಬಾಯಿಪಾಠ ಮಾಡಿದ್ದೇವೆ. ಫರ್ಝ್ ನಮಾಝ್‌ನಲ್ಲಿ ನಿಲ್ಲುವುದು ಒಂದು ರುಕ್ನ್, ಅಂದರೆ ಅದಿಲ್ಲದೆ ನಮಾಝ್ ಇಲ್ಲ. ಆದರೆ ಇಮ್ರಾನ್ ಬಿನ್ ಹುಸೈನ್(ರ) ಎಂಬ ಸಹಾಬಿಗೆ ಮೂಲವ್ಯಾಧಿಯಿತ್ತು. ಅವರು ತಮ್ಮ ನಮಾಝ್‌ನ ಕುರಿತು ಪ್ರವಾದಿ ಮುಹಮ್ಮದ್(ಸ)ರಲ್ಲಿ ವಿಚಾರಿಸಿದರು. ನಿಂತು ನಿರ್ವಹಿಸಬೇಕು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ನಿರ್ವಹಿಸಬೇಕೆಂದು ಪ್ರವಾದಿವರ್ಯರು(ಸ) ತಿಳಿಸಿದರು. ಬುಖಾರಿಯಲ್ಲಿರುವ ಹದೀಸ್ ಇದು. ಸಾಮಾನ್ಯವಾಗಿ ನಾವಿದನ್ನು ಆರಾಧನೆಯ ನಿಯಮವೆಂದು ಓದಿ ಪುಟ ಮಗುಚುತ್ತೇವೆ. ಇದರಲ್ಲಿ ಇನ್ನೊಂದು ಸಂಗತಿಯೂ ಇದೆ. ಕಾಯಿಲೆಯವನನ್ನು ಸಾಲಿನಿಂದ ಹೊರಗೆ ಕಳುಹಿಸಲಾಗಲಿಲ್ಲ. ನಮಾಝ್‌ನ ಹೊಣೆಯಿಂದ ಅವನನ್ನು ತೆಗೆದುಹಾಕಲೂ ಇಲ್ಲ. ಅದೇ ಸಾಲು, ಅದೇ ನಮಾಝ್. ನಿಲ್ಲುವ ಬದಲು ಕುಳಿತುಕೋ ಎಂದಷ್ಟೇ ಹೇಳಲಾಯಿತು. ಸೃಷ್ಟಿಕರ್ತನ ಮುಂದೆ ಕುಳಿತುಕೊಳ್ಳಲು ಅನುಮತಿಯಿರುವ ಒಬ್ಬ ಮನುಷ್ಯನಿಗೆ ಸೀರೆ ಕೊಳ್ಳಲು ಬಂದವರ ಮುಂದೆ ಕುಳಿತುಕೊಳ್ಳಲು ಅನುಮತಿಯಿಲ್ಲ ಎಂದಾದರೆ ನಾವು ಯಾವ ಶಿಷ್ಟಾಚಾರವನ್ನು ಕಾಪಾಡುತ್ತಿದ್ದೇವೆ?

ಮುಆದ್ ಬಿನ್ ಜಬಲ್(ರ) ಇಶಾ ನಮಾಝ್‌ನಲ್ಲಿ ಸುದೀರ್ಘವಾದ ಅಲ್‌ಬಕರ ಅಧ್ಯಾಯವನ್ನು ಓದಲು ತೊಡಗಿದ ಘಟನೆ ನಿಮಗೆ ಗೊತ್ತಿದೆ. ನೀರು ಸೇದುವ ಎರಡು ಒಂಟೆಗಳೊಂದಿಗೆ ದಿನವಿಡೀ ದುಡಿದು ಬಂದಿದ್ದ ಒಬ್ಬ ಕಾರ್ಮಿಕ ನಡುವೆಯೇ ಜಮಾಅತ್ ಬಿಟ್ಟು ಹೊರಟ. ದೂರು ಪ್ರವಾದಿಯವರ(ಸ) ಬಳಿ ಹೋದಾಗ ಅವರು ತರಾಟೆಗೆ ತೆಗೆದುಕೊಂಡದ್ದು ಕಾರ್ಮಿಕನನ್ನಲ್ಲ, ಇಮಾಮರನ್ನು. ಹಿಂದೆ ನಿಂತವರಲ್ಲಿ ದುರ್ಬಲರು, ವೃದ್ಧರು, ಕೆಲಸವಿರುವವರು ಇರುತ್ತಾರೆಂದು ನೆನಪಿಸಿದರು. ಇದೇ ಆಶಯದ ಇನ್ನೊಂದು ಹದೀಸಿನಲ್ಲಿ ರೋಗಿಯ ಪ್ರಸ್ತಾಪವೂ ಇದೆ. ಪವಿತ್ರ ಕುರ್‌ಆನಿನ ಅಲ್‌ಮುಝ್ಝಮ್ಮಿಲ್ ಅಧ್ಯಾಯದ ಕೊನೆಯ ಸೂಕ್ತದಲ್ಲಿ ರಾತ್ರಿ ನಮಾಝ್‌ನ ಭಾರವನ್ನು ಹಗುರಗೊಳಿಸುವಾಗ ಅಲ್ಲಾಹನು ಕೊಟ್ಟ ಕಾರಣಗಳಲ್ಲಿ ಎರಡನ್ನು ಗಮನಿಸಿ: ನಿಮ್ಮಲ್ಲಿ ರೋಗಿಗಳಿರುವರು, ಜೀವನೋಪಾಯ ಅರಸುತ್ತಾ ಸಂಚರಿಸುವವರಿರುವರು. ರೋಗವೂ ದುಡಿಮೆಯೂ ಒಂದೇ ಸೂಕ್ತದಲ್ಲಿ ಅಕ್ಕಪಕ್ಕದಲ್ಲಿವೆ. ರೋಗಿಯು ಬಂದ ಮೇಲೆ ನಿಯಮ ಸಡಿಲಿಸೋಣ ಎಂಬ ಧೋರಣೆ ಅಲ್ಲಿಲ್ಲ. ಸಾಲಿನಲ್ಲಿ ರೋಗಿ ಇದ್ದೇ ಇರುತ್ತಾನೆಂದು ಮೊದಲೇ ಲೆಕ್ಕ ಹಿಡಿದು ನಿಯಮವನ್ನು ರೂಪಿಸಲಾಗಿದೆ. ನಮ್ಮ ಅಂಗಡಿಗಳ ನಿಯಮಗಳಾದರೋ ಇಪ್ಪತ್ತರ ಹರೆಯದ, ಹಸಿವು ದಣಿವುಗಳಿಲ್ಲದ ಒಬ್ಬ ಹುಡುಗನನ್ನು ಕಲ್ಪಿಸಿಕೊಂಡು ರೂಪುಗೊಂಡಿವೆ. ಆ ಹುಡುಗನಿಗೂ ನಲ್ವತ್ತಾಗುತ್ತದೆ.

ಲೆಕ್ಕವನ್ನೂ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಯೋಗದ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ 10 ಕೋಟಿಗಿಂತ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆಯೆಂದೂ 13 ಕೋಟಿಗಿಂತ ಹೆಚ್ಚು ಮಂದಿ ಅದರ ಹೊಸ್ತಿಲಲ್ಲಿದ್ದಾರೆಂದೂ ಅದು ಅಂದಾಜಿಸಿತು. ವಯಸ್ಕರಲ್ಲಿ ಮೂವರಲ್ಲೊಬ್ಬರಿಗಿಂತ ಹೆಚ್ಚು ಮಂದಿಗೆ ಅಧಿಕ ರಕ್ತದೊತ್ತಡವಿದೆ. ಹತ್ತು ನೌಕರರಿರುವ ಅಂಗಡಿಯ ಮಾಲಕರು "ನಮ್ಮಲ್ಲಿ ಯಾರಿಗೂ ಅಂಥದ್ದೇನಿಲ್ಲ" ಎನ್ನುವುದಾದರೆ, ಬಹುತೇಕ ಅವರ ನೌಕರರು ಅವರಿಗೆ ಹೇಳಿಲ್ಲ ಎಂದೇ ಅರ್ಥ.

ಯಾಕೆ ಹೇಳುವುದಿಲ್ಲ? ಕೆಲಸ ಹೋಗುವ ಭಯ ಒಂದು. ಗಲ್ಫ್‌ಗೆ ಹೊರಟ ನಮ್ಮ ಹುಡುಗರು ವೈದ್ಯಕೀಯ ತಪಾಸಣೆಯಲ್ಲಿ 'ಅನ್‌ಫಿಟ್' ಎಂಬ ಒಂದೇ ಪದದಿಂದ ಮರಳಿ ಬಂದದ್ದನ್ನು ಎಲ್ಲರೂ ನೋಡಿದ್ದಾರೆ. ಕಾಯಿಲೆ ಎಂದರೆ ಮುಚ್ಚಿಡಬೇಕಾದದ್ದು ಎಂಬ ಪಾಠವನ್ನು ಕುಟುಂಬಗಳು ಅಲ್ಲಿಂದಲೇ ಕಲಿತಿವೆ. ಎರಡನೆಯ ಕಾರಣವನ್ನು ಹೇಳಲು ನಾಚಿಕೆಯಾಗುತ್ತದೆ. ನೌಕರನು ಮಾಲಕರಿಗೆ ಗುಟ್ಟಾಗಿ ಹೇಳಿದ್ದು ಶುಕ್ರವಾರದೊಳಗೆ ಮಸೀದಿಯ ಜಗಲಿಗೆ ಬರುತ್ತದೆ. ಅಪಸ್ಮಾರವಿರುವ ತಂದೆ ಎಂದು ತಿಳಿದರೆ ಮಗಳ ಸಂಬಂಧ ಮುರಿಯುತ್ತದೆ. ಕ್ಷಯವಿತ್ತೆಂದು ತಿಳಿದರೆ ಮನೆಗೆ ಬರುವವರು ಲೋಟ ಮುಟ್ಟುವುದಿಲ್ಲ. ಮಾಲಕರು ಇದನ್ನು ಕಾಳಜಿಯಿಂದಲೇ ಹೇಳಿರುತ್ತಾರೆ, "ಪಾಪ, ಅವನಿಗೆ ಹೀಗಂತೆ" ಎಂದು. ಆದರೆ ನೌಕರನ ಕಾಯಿಲೆಯ ವಿಷಯ ಮಾಲಕನ ಬಳಿಯಿರುವ ಅಮಾನತ್ತು. ತಿಜೋರಿಯಲ್ಲಿಟ್ಟ ಇನ್ನೊಬ್ಬರ ಚಿನ್ನವನ್ನು ಹೊರಗೆ ತೆಗೆದು ತೋರಿಸುವ ಹಕ್ಕು ಅವನಿಗೆ ಹೇಗಿಲ್ಲವೋ ಇದೂ ಹಾಗೆಯೇ.

ಮುಚ್ಚಿಡುವುದರ ಪರಿಣಾಮ ಏನೆಂದು ಸ್ವಲ್ಪ ವಿವರವಾಗಿ ಹೇಳಬೇಕು. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆಗಳನ್ನು ತೆಗೆದುಕೊಂಡವರು ಸಮಯಕ್ಕೆ ಸರಿಯಾಗಿ ಉಣ್ಣದಿದ್ದರೆ ರಕ್ತದ ಸಕ್ಕರೆ ದಿಢೀರನೆ ಇಳಿಯುತ್ತದೆ. ಮೈ ಬೆವರುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ, ಮನುಷ್ಯ ಕಾರಣವಿಲ್ಲದೆ ಸಿಡುಕುತ್ತಾನೆ. ಗೊತ್ತಿಲ್ಲದವರು ಕುಡಿದಿದ್ದಾನೆಂದು ಭಾವಿಸಬಹುದು. ಹಾಗೆ ಭಾವಿಸಿ ಹೊರಗೆ ಕಳುಹಿಸಿದ ಉದಾಹರಣೆ ನಮಗೆ ಗೊತ್ತಿದೆ. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು, ಹದಿನೈದು ನಿಮಿಷ ಕಾಯಬೇಕು, ಸರಿಯಾಗದಿದ್ದರೆ ಮತ್ತೊಮ್ಮೆ ಕೊಡಬೇಕು, ಆಮೇಲೆ ಊಟ ಮಾಡಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಕ್ಯಾಶ್ ಕೌಂಟರಿನ ಡ್ರಾಯರಿನಲ್ಲಿ ಒಂದು ಹಿಡಿ ಸಕ್ಕರೆಯ ಪೊಟ್ಟಣ ಇರಿಸಲು ಮಾಲಕನಿಗೆ ಎಷ್ಟು ಖರ್ಚಾಗುತ್ತದೆ? ಮಧ್ಯಾಹ್ನದ ಊಟವನ್ನು ಗಿರಾಕಿಗಳ ದಟ್ಟಣೆ ನೋಡಿ ನಾಲ್ಕು ಗಂಟೆಗೆ ತಳ್ಳುವ ಬದಲು ಒಂದು ನಿಶ್ಚಿತ ಹೊತ್ತಿಗೆ ಬಿಡಲು ಎಷ್ಟು ನಷ್ಟವಾಗುತ್ತದೆ? ಬಳಕೆಯಲ್ಲಿರುವ ಇನ್ಸುಲಿನ್ ಸುಮಾರು ನಾಲ್ಕು ವಾರ ತಂಪಾದ ಕೋಣೆಯಲ್ಲಿ ಉಳಿಯುತ್ತದೆ, ಆದರೆ ತಗಡಿನ ಮಾಡಿನ ಗೋದಾಮಿನಲ್ಲಿ ತೂಗುಹಾಕಿದ ಚೀಲದಲ್ಲಿ ಎಪ್ರಿಲ್ ತಿಂಗಳ ಸೆಖೆಗೆ ಕೆಡುತ್ತದೆ. ಅಂಗಡಿಯ ಫ್ರಿಜ್ಜಿನಲ್ಲಿ ತಂಪು ಪಾನೀಯಕ್ಕೆ ಜಾಗವಿದೆ. ಮಂಜುಗಡ್ಡೆಯ ಖಾನೆಯಲ್ಲಿ ಮಾತ್ರ ಇಡಬಾರದು. ಇನ್ನು ಚುಚ್ಚಿಕೊಳ್ಳುವ ಜಾಗ; ಶೌಚಾಲಯದೊಳಗೆ ಬಾಗಿಲು ಹಾಕಿಕೊಂಡು ಇನ್ಸುಲಿನ್ ಚುಚ್ಚಿಕೊಳ್ಳುವವರು ನಮ್ಮ ಪಟ್ಟಣಗಳಲ್ಲಿದ್ದಾರೆ.

ಶೌಚಾಲಯವಿದ್ದರೆ, ಎನ್ನಬೇಕು. ಸಹೋದರಿಯರ ವಿಷಯದಲ್ಲಿ ಇದು ಇನ್ನೂ ಗಂಭೀರ. ಶೌಚಾಲಯವಿಲ್ಲದ ಅಂಗಡಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಬೆಳಗ್ಗಿನಿಂದ ನೀರೇ ಕುಡಿಯದೆ ಇದ್ದು ಮೂತ್ರದ ಸೋಂಕು ಬರಿಸಿಕೊಳ್ಳುತ್ತಾರೆ. ನೆರೆಯ ಕೇರಳದಲ್ಲಿ ಈ ಪ್ರಶ್ನೆಯನ್ನು ಬೀದಿಗೆ ತಂದವರು ಹೆಂಗಸರೇ. ಕೋಝಿಕ್ಕೋಡ್‌ನಲ್ಲಿ ದರ್ಜಿ ವೃತ್ತಿಯ ಪಿ. ವಿಜಿಯವರು 'ಪೆಣ್‌ಕೂಟ್ಟ್' ಸಂಘಟನೆಯ ಮೂಲಕ ಮೊದಲು ಶೌಚಾಲಯಕ್ಕಾಗಿ, ಬಳಿಕ ಕುಳಿತುಕೊಳ್ಳುವ ಹಕ್ಕಿಗಾಗಿ ಹೋರಾಡಿದರು. ತೃಶೂರಿನ ಜವಳಿ ಅಂಗಡಿಯ ನೌಕರಿಯರು ಇದೇ ಬೇಡಿಕೆಗಾಗಿ ಮುಷ್ಕರ ಹೂಡಿದರು. ಕೇರಳವು 2018ರಲ್ಲಿ ಅಂಗಡಿ ನೌಕರರಿಗೆ ಆಸನ ಒದಗಿಸಬೇಕೆಂದು ಕಾನೂನು ತಿದ್ದಿತು. ತಮಿಳುನಾಡು 2021ರಲ್ಲಿ ಅದನ್ನು ಅನುಸರಿಸಿತು. ಕಾರ್ಖಾನೆಗಳಲ್ಲಿ ನಿಂತು ದುಡಿಯುವವರಿಗೆ ಆಸನವಿರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಒಂದು ಸ್ಟೂಲಿನ ವಿಷಯ ಕಾರ್ಖಾನೆಯಿಂದ ಜವಳಿ ಅಂಗಡಿಗೆ ಬರಲು ಎಪ್ಪತ್ತು ವರ್ಷ ಹಿಡಿಯಿತು. ಪ್ರವಾದಿವರ್ಯರ(ಸ) ಅನುಯಾಯಿಗಳು ಅದಕ್ಕಾಗಿ ಸರಕಾರದ ಗಜೆಟ್ ಕಾಯಬೇಕಾಗಿತ್ತೇ?

ಇನ್ನು ಆ ಲಕೋಟೆ.

ಆ ಸಹೋದರರ ತಿಂಗಳ ಸಂಬಳ 15,000 ರೂಪಾಯಿ. ಅಂಗಡಿಯಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ನೌಕರರಿದ್ದರು. ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿಗೆ 1972ರ ಗ್ರಾಚ್ಯುಟಿ ಕಾಯ್ದೆ ಅನ್ವಯವಾಗುತ್ತಿತ್ತು. ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ದುಡಿದ ವರ್ಷಗಳಿಂದ ಗುಣಿಸಬೇಕು. 22 ವರ್ಷಕ್ಕೆ 1 ಲಕ್ಷ 90 ಸಾವಿರ ರೂಪಾಯಿಗೂ ಮಿಕ್ಕಿ ಆಗುತ್ತದೆ. ಇದು ಔದಾರ್ಯವಲ್ಲ, ಸಾಲ. ಸಾಲವಿರುವವನು ಸಾಲಗಾರನಿಗೆ ಝಕಾತ್ ಎಂದು ಬರೆದು ಕೊಟ್ಟರೆ ಸಾಲವೂ ತೀರುವುದಿಲ್ಲ, ಝಕಾತ್ ಕೂಡಾ ಸಲ್ಲುವುದಿಲ್ಲ. ನಾವು ಕಲಿತ ಫಿಕ್ಹ್ ಹೇಳುವುದು ಇದನ್ನು. ಝಕಾತಿನ ಹಣದಿಂದ ನೌಕರನ ಸಂಬಳದ ಬಾಕಿ ತೀರಿಸುವಂತಿಲ್ಲ.

ಆ ಅಂಗಡಿ ಇಎಸ್‌ಐಗೆ ನೋಂದಣಿಯಾಗಿರಲಿಲ್ಲ. 2019ರ ಜುಲೈಯಲ್ಲಿ ವಂತಿಗೆಯನ್ನು ಇಳಿಸಲಾಗಿ ಮಾಲಕನ ಪಾಲು ಸಂಬಳದ ಶೇ. 3.25, ನೌಕರನ ಪಾಲು ಶೇ. 0.75 ಎಂದಾಯಿತು. 15,000 ರೂ. ಸಂಬಳಕ್ಕೆ ಮಾಲಕನು ತಿಂಗಳಿಗೆ ಸುಮಾರು 488 ರೂ. ಕಟ್ಟಬೇಕಾಗಿತ್ತು. ಕಟ್ಟಿದ್ದರೆ ಕಾಯಿಲೆಯ ಎರಡು ತಿಂಗಳು ಸಂಬಳದ ಶೇ. 70 ಮನೆಗೆ ಬರುತ್ತಿತ್ತು, ಏಕೆಂದರೆ ವರ್ಷಕ್ಕೆ 91 ದಿನಗಳವರೆಗೆ ಆ ಸೌಲಭ್ಯವಿದೆ. ದೀರ್ಘಕಾಲದ 34 ಕಾಯಿಲೆಗಳಿಗೆ ಇನ್ನೂ ದೀರ್ಘ ಅವಧಿಗೆ ಶೇ. 80ರ ಸೌಲಭ್ಯವಿದೆ, ಸಕ್ಕರೆ ಕಾಯಿಲೆಯಿಂದ ಪಾದ, ಕಣ್ಣು, ಮೂತ್ರಪಿಂಡ ಕೆಟ್ಟವರೂ ಆ ಪಟ್ಟಿಯಲ್ಲಿದ್ದಾರೆ. ಕಾಯಿಲೆಯ ಸೌಲಭ್ಯ ಪಡೆಯುತ್ತಿರುವ ನೌಕರನನ್ನು ಆ ಅವಧಿಯಲ್ಲಿ ವಜಾ ಮಾಡಬಾರದೆಂದು 1948ರ ಇಎಸ್‌ಐ ಕಾಯ್ದೆಯಲ್ಲೇ ಇತ್ತು. ಈ ಕಾಯ್ದೆಯೂ ಗ್ರಾಚ್ಯುಟಿ ಕಾಯ್ದೆಯೂ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿಕೊಂಡಿವೆ. ಹೊಸ ಸಂಹಿತೆಗಳ ಕುರಿತು ಕಾರ್ಮಿಕ ಸಂಘಟನೆಗಳ ಆಕ್ಷೇಪಗಳಲ್ಲಿ ಹುರುಳಿದೆ, ಅದು ಬೇರೆಯೇ ಚರ್ಚೆ. ಆದರೆ ಹತ್ತಕ್ಕಿಂತ ಕಡಿಮೆ ನೌಕರರಿರುವ ಅಂಗಡಿಯೂ, ಮಾಲಕ ಮತ್ತು ನೌಕರರಲ್ಲಿ ಬಹುಪಾಲು ಮಂದಿ ಒಪ್ಪಿದರೆ, ಸ್ವಇಚ್ಛೆಯಿಂದ ಇಎಸ್‌ಐಗೆ ಸೇರಲು ಅದರಲ್ಲಿ ಅವಕಾಶವಿದೆ. ನಮ್ಮ ಪಟ್ಟಣಗಳಲ್ಲಿ ನಡೆಯುವುದು ಇದರ ವಿರುದ್ಧ. ಕೌಂಟರಿನಲ್ಲಿ ಹದಿನಾಲ್ಕು ಮಂದಿ ನಿಂತಿರುತ್ತಾರೆ, ಹಾಜರಿ ಪುಸ್ತಕದಲ್ಲಿ ಒಂಬತ್ತು ಹೆಸರುಗಳಿರುತ್ತವೆ.

2006ರ ಸಾಚಾರ್ ವರದಿಯನ್ನು ನಾವು ವೇದಿಕೆಗಳಲ್ಲಿ ಎಷ್ಟು ಬಾರಿ ಉಲ್ಲೇಖಿಸಿಲ್ಲ! ಸರಕಾರಿ ನೌಕರಿಯಲ್ಲಿ ಮುಸ್ಲಿಮರು ಕಡಿಮೆ, ಸಾಮಾಜಿಕ ಭದ್ರತೆಯಿಲ್ಲದ ಕೆಲಸಗಳಲ್ಲಿ ಹೆಚ್ಚು ಎಂದು ಅದು ಹೇಳಿದ್ದು ನಿಜ. ಸೇವೆಯಲ್ಲಿರುವಾಗ ಅಂಗವಿಕಲನಾದ ಸರಕಾರಿ ನೌಕರನನ್ನು ಕೆಲಸದಿಂದ ತೆಗೆಯಬಾರದೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಆ ರಕ್ಷಣೆ ನಮ್ಮಲ್ಲಿ ಕೆಲವರನ್ನಷ್ಟೇ ತಲಪುತ್ತದೆ ಎಂಬುದೂ ನಿಜ. ಸರಕಾರವನ್ನು ಪ್ರಶ್ನಿಸೋಣ, ಪ್ರಶ್ನಿಸುತ್ತಲೇ ಇರೋಣ. ಆದರೆ ಭದ್ರತೆಯಿಲ್ಲದ ಆ ಕೆಲಸವನ್ನು ಕೊಟ್ಟಿರುವವರು ಯಾರು? ಅನೇಕ ಕಡೆ ಬೋರ್ಡಿನ ಮೇಲಿರುವುದು ನಮ್ಮದೇ ಹೆಸರು.

ಮೂವರು ನೌಕರರಿರುವ ಸಣ್ಣ ಅಂಗಡಿಯವರು ಹಿಂದಿನ ಸಾಲಿನಿಂದ ನಮ್ಮನ್ನು ನೋಡುತ್ತಿರುವುದು ನಮಗೆ ಕಾಣುತ್ತಿದೆ. ಅವರ ಕಷ್ಟ ಸುಳ್ಳಲ್ಲ. ಆನ್‌ಲೈನ್ ವ್ಯಾಪಾರ ಬಂದ ಮೇಲೆ ಬಾಡಿಗೆ ಹುಟ್ಟುವುದೇ ಕಷ್ಟವಾಗಿರುವ ಅಂಗಡಿಗಳಿವೆ. ಕಾಯಿಲೆಯನ್ನು ನೆಪ ಮಾಡಿ ಕೆಲಸ ಕಳ್ಳತನ ಮಾಡುವ ನೌಕರರೂ ಇದ್ದಾರೆ, ಅದು ಕೂಡಾ ವಂಚನೆಯೇ. ಆದರೆ ನಾವು ಕೇಳುತ್ತಿರುವುದರಲ್ಲಿ ಹೆಚ್ಚಿನವು ಹಣದ ವಿಷಯಗಳಲ್ಲ. ನಮಗೆ ಗೊತ್ತಿರುವ ಬೇಕರಿಯೊಂದರ ಮಾಲಕರು ಅಪಸ್ಮಾರವಿರುವ ಹುಡುಗನನ್ನು ಕುಲುಮೆಯ ಬಳಿಯಿಂದ ಬಿಲ್ಲು ಬರೆಯುವ ಮೇಜಿಗೆ ಬದಲಾಯಿಸಿದರು. ಅಷ್ಟೇ ಮಾಡಿದ್ದು. ಇನ್ನೊಬ್ಬ ನೌಕರನಿಗೆ ಕ್ಷಯವೆಂದು ತಿಳಿದಾಗ ಕೆಲವು ವಾರ ಸಂಬಳ ಸಹಿತ ರಜೆ ಕೊಟ್ಟು, ವೈದ್ಯರು ಒಪ್ಪಿದ ಮೇಲೆ ಮರಳಿ ಸೇರಿಸಿಕೊಂಡರು. ಸರಿಯಾದ ಔಷಧ ಆರಂಭವಾದ ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ಸೋಂಕು ಹರಡುವ ಭಯ ಇಳಿಯುತ್ತದೆ, ಆದರೆ ಔಷಧವನ್ನು ಕನಿಷ್ಠ ಆರು ತಿಂಗಳು ತಪ್ಪದೆ ನುಂಗಬೇಕು. ಕೆಲಸ ಹೋದವನು ಔಷಧವನ್ನೂ ನಡುವೆ ಬಿಡುತ್ತಾನೆ. ಸರಕಾರದ ಪೋಷಣೆಯ ನೆರವು 2018ರಲ್ಲಿ ತಿಂಗಳಿಗೆ 500 ರೂ. ಇದ್ದದ್ದು 2024ರ ನವೆಂಬರ್‌ನಿಂದ 1,000 ರೂ. ಆಗಿದೆ, ಅದರಿಂದ ಒಂದು ಸಂಸಾರ ನಡೆಯದು.

ತಿಂಗಳ ಮಾತ್ರೆ ತರುವುದು ಇನ್ನೊಂದು ಸಮಸ್ಯೆ. ತಾಲೂಕು ಆಸ್ಪತ್ರೆಯಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಔಷಧ ಉಚಿತವಾಗಿ ಸಿಗುತ್ತದೆ, ಆದರೆ ಹಗಲು ಹೊತ್ತಿನಲ್ಲಿ, ಸರದಿಯಲ್ಲಿ ನಿಂತರೆ. ಆ ಹೊತ್ತು ಅಂಗಡಿಯದ್ದು. ಜುಮುಆ ನಮಾಝ್‌ಗಾಗಿ ವಾರಕ್ಕೊಮ್ಮೆ ಬಾಗಿಲೆಳೆಯುವ ಅಂಗಡಿಗಳು, ಔಷಧಕ್ಕಾಗಿ ತಿಂಗಳಿಗೊಮ್ಮೆ ಒಬ್ಬನಿಗೆ ಅರ್ಧ ದಿನ ಬಿಡಲಾರವೇ?

ಕೊನೆಯದಾಗಿ ರಮಝಾನ್. ರೋಗಿಗೆ ಉಪವಾಸದಿಂದ ವಿನಾಯಿತಿ ಕೊಟ್ಟ ತಿಂಗಳು ಅದು. ಆದರೆ ನಮ್ಮ ಪೇಟೆಗಳಲ್ಲಿ ನೌಕರನು ಅತ್ಯಂತ ದೀರ್ಘ ಕಾಲ ನಿಲ್ಲುವ ತಿಂಗಳೂ ಅದೇ. ಕೊನೆಯ ಹತ್ತರಲ್ಲಿ ಮಧ್ಯರಾತ್ರಿ ದಾಟಿದರೂ ಬಾಗಿಲು ಎಳೆಯುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಈಗಲೇ ವೈದ್ಯರನ್ನು ಕಂಡು, ಉಪವಾಸ ಹಿಡಿಯಬಹುದೇ, ಔಷಧದ ಪ್ರಮಾಣ ಹೇಗೆ ಎಂದು ಕೇಳಬೇಕು. ಉಪವಾಸದಲ್ಲಿರುವಾಗ ಸಕ್ಕರೆಯ ಮಟ್ಟ 70ಕ್ಕಿಂತ ಇಳಿದರೆ ಅಥವಾ 300ನ್ನು ದಾಟಿದರೆ ಉಪವಾಸ ಬಿಡಬೇಕೆಂದು ತಜ್ಞರು ಹೇಳುತ್ತಾರೆ. ಬೆರಳು ಚುಚ್ಚಿ ರಕ್ತ ಪರೀಕ್ಷಿಸುವುದರಿಂದ ಉಪವಾಸ ಮುರಿಯುವುದಿಲ್ಲವೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅಂಗಡಿಯಲ್ಲಿ ಉಪವಾಸ ಬಿಟ್ಟವನನ್ನು ಕಂಡು "ಏನು, ಉಪವಾಸ ಇಲ್ಲವೇ?" ಎಂದು ಹತ್ತು ಜನರೆದುರು ಕೇಳುವ ಅಭ್ಯಾಸವನ್ನು ಈ ವರ್ಷ ಬಿಡೋಣ. ಆ ಪ್ರಶ್ನೆಗೆ ಹೆದರಿ ಉಪವಾಸ ಹಿಡಿದು ಸಂಜೆ ಆಸ್ಪತ್ರೆ ಸೇರಿದವರಿದ್ದಾರೆ.

ನಮ್ಮ ಪತ್ರಿಕಾ ಕಚೇರಿಯ ವಿಷಯವನ್ನೂ ಹೇಳಿಬಿಡುತ್ತೇವೆ, ಇಲ್ಲದಿದ್ದರೆ ಅಪ್ರಾಮಾಣಿಕತೆಯಾಗುತ್ತದೆ. ಈ ಭಾಷಣವನ್ನು ಸಿದ್ಧಪಡಿಸುವಾಗ ಎದುರು ಕುಳಿತಿದ್ದ ಸಹೋದ್ಯೋಗಿಯನ್ನು, ನಿಮಗೇನಾದರೂ ಕಾಯಿಲೆ ಇದೆಯೇ ಎಂದು ಕೇಳಿದೆವು. ಆರು ವರ್ಷಗಳಿಂದ ಉಬ್ಬಸವಿದೆ ಎಂದರು. ಹಳೆಯ ಸಂಚಿಕೆಗಳ ಧೂಳಿನ ರಾಶಿಯ ಪಕ್ಕದಲ್ಲೇ ಅವರ ಮೇಜು. ಯಾಕೆ ಹೇಳಲಿಲ್ಲ ಎಂದರೆ, "ಯಾರೂ ಕೇಳಲಿಲ್ಲವಲ್ಲ" ಎಂದರು. ಮೇಜನ್ನು ಕಿಟಕಿಯ ಬಳಿಗೆ ಸರಿಸಲು ನಮಗೆ ಹತ್ತು ನಿಮಿಷ ಸಾಕಾಯಿತು.

ಇಶಾ ನಮಾಝ್‌ನ ಬಳಿಕ ಪಕ್ಕದ ಕೋಣೆಯಲ್ಲಿ ಇಬ್ಬರು ವೈದ್ಯರು ರಕ್ತದೊತ್ತಡ ಮತ್ತು ಸಕ್ಕರೆ ಪರೀಕ್ಷಿಸಲಿದ್ದಾರೆ. ಫಲಿತಾಂಶವನ್ನು ಆಯಾ ವ್ಯಕ್ತಿಯ ಕೈಗೆ ಮಾತ್ರ ಕೊಡಲಾಗುವುದು, ಸಂಘಟಕರೂ ನೋಡುವುದಿಲ್ಲ. ನಾಳೆ ಬೆಳಗ್ಗೆ ಅಂಗಡಿ ತೆರೆಯಬೇಕಾದ ನೌಕರರು ಮೊದಲು ಹೋಗಲಿ, ಮಾಲಕರು ಅವರ ನಂತರ. ಕಾಯುವವರಿಗೆ ಜಗಲಿಯಲ್ಲಿ ಕುರ್ಚಿಗಳನ್ನು ಹಾಕಲಾಗಿದೆ.